ಜೀವನಾಂಶದಲ್ಲಿ ಪೆಟ್ರೋಲ್ ಖರ್ಚು ಮುರಿದುಕೊಳ್ಳಬಹುದಾ?

ಓದುಗರ ಪತ್ರ: ನಾನು ಕಾರವಾರದಲ್ಲಿ ನೌಕರಿಯಲ್ಲಿದ್ದೇನೆ. ಎಂಟು ವರ್ಷದ ಮಗ ತಾಯಿಯ ಜೊತೆ ಶಿರಸಿಯಲ್ಲಿದ್ದಾನೆ. ಕೋರ್ಟಿನ ಆದೇಶದಂತೆ ಅವನಿಗೆ ತಿಂಗಳಿಗೆ 9,000 ರೂಪಾಯಿ ಕೊಡಬೇಕು, ಎರಡು ಭಾನುವಾರ ಹೋಗಿ ನೋಡಬಹುದು. ಪೆಟ್ರೋಲು, ಊಟ, ಒಮ್ಮೊಮ್ಮೆ ಲಾಡ್ಜು ಸೇರಿ 3,500 ಆಗುತ್ತದೆ. ಹೋದ ತಿಂಗಳು ಅಷ್ಟನ್ನು ಮುರಿದುಕೊಂಡು 5,500 ಹಾಕಿದೆ. ‘ಪೂರ್ತಿ ಹಾಕದಿದ್ದರೆ ಮಗನನ್ನು ಕಳಿಸೋದಿಲ್ಲ’ ಅಂತ ಅವಳು ಫೋನ್ ಮಾಡಿದಳು. ನಾನು ಮಾಡಿದ್ದು ತಪ್ಪಾ?
— ಹೆಸರು ಬೇಡ, ಕಾರವಾರ

ಸಂಪಾದಕರ ಉತ್ತರ: ತಪ್ಪೇ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ನಿಮ್ಮ ಖರ್ಚು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟೋದು ಅಂದರೆ ಒಂದು ಕಡೆಗೇ 120 ಕಿಲೋಮೀಟರ್ ಆಸುಪಾಸು. ಆದರೆ ಆ 9,000 ನಿಮ್ಮದೂ ಅಲ್ಲ, ಅವರದೂ ಅಲ್ಲ, ಮಗನದ್ದು. ಅವನ ಫೀಸು, ಅನ್ನ, ಜ್ವರದ ಔಷಧಿ ಅದರಲ್ಲಿದೆ. ನೀವು ಪೆಟ್ರೋಲು ಹಾಕಿಸಿದ್ದು ಅವನ ದುಡ್ಡಿನಲ್ಲಿ. ಕೋರ್ಟಿನ ಕಣ್ಣಿಗೆ ಈಗ ನೀವು 3,500 ಬಾಕಿದಾರರು, ಅಷ್ಟೇ. ‘ಶೂ ಕೊಡಿಸಿದೆ, ಜಾತ್ರೆಯಲ್ಲಿ ಆಟಿಗೆ ಕೊಡಿಸಿದೆ’ ಅಂತ ಕಳೆಯುವವರೂ ಇದ್ದಾರೆ. ಆ ಲೆಕ್ಕವೂ ನಡೆಯುವುದಿಲ್ಲ.

ಜೀವನಾಂಶದ ಕಲಂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 125 ಆಗಿದ್ದರಿಂದ ಹಳಬರು ಈಗಲೂ ‘125 ಕೇಸು’ ಅಂತಲೇ ಕರೆಯುವುದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ನಿಮ್ಮ ಆದೇಶ ಅದರ ಕೆಳಗೆ ಆಗಿದ್ದರೆ, ಬಾಕಿಗಾಗಿ ಅವರು ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ವಾರಂಟ್ ಬಂದಮೇಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು.

ಅವರು ಹೇಳಿದ್ದೂ ಸರಿಯಲ್ಲ. ಭೇಟಿ ಆದೇಶದಲ್ಲೇ ಇದೆ ಅಲ್ವಾ? ಹಾಗಾದರೆ ದುಡ್ಡು ಬಾಕಿ ಅಂತ ಅದನ್ನು ತಡೆಯುವ ಹಾಗಿಲ್ಲ. ಬಾಕಿಗೆ ಕೋರ್ಟಿದೆ. ಅವರು ಮಗನನ್ನು ಕಳಿಸದಿದ್ದರೂ ನೀವು ದುಡ್ಡು ನಿಲ್ಲಿಸುವ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ದುಡ್ಡಿನ ಖಾತೆ ಬೇರೆ, ಭೇಟಿಯ ಖಾತೆ ಬೇರೆ.

ಹಾಗಾದರೆ ಓಡಾಟದ ಖರ್ಚು ಯಾರ ತಲೆಗೆ? ಇಷ್ಟು ಕಿಲೋಮೀಟರಿಗೆ ಇಷ್ಟು ಅಂತ ನಮ್ಮ ಕಾನೂನಿನಲ್ಲಿ ಸಿದ್ಧ ಕೋಷ್ಟಕವಿಲ್ಲ. ಕೇಳಿದರೆ ಕೋರ್ಟು ನೋಡುತ್ತದೆ. ಪರಿಸ್ಥಿತಿ ಬದಲಾಗಿದ್ದರೆ ಮೊತ್ತ ಬದಲಿಸಿ ಅಂತ ಅದೇ ಸಂಹಿತೆಯ 146ನೇ ಕಲಂ ಕೆಳಗೆ ಅರ್ಜಿ ಕೊಡಬಹುದು. ರಜನೀಶ್–ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಖರ್ಚುಗಳ ಅಫಿಡವಿಟ್ ಕೊಡಬೇಕು. ಭೇಟಿಯ ಖರ್ಚು ಕಾಣಿಸಬೇಕಾದ್ದು ಅಲ್ಲಿ, ಪೆಟ್ರೋಲ್ ಬಂಕಿನ ಚೀಟಿ ಸಮೇತ. ಆದರೆ ಲಾಡ್ಜಿನ ಬಿಲ್ಲು ತೋರಿಸಿ 9,000ವನ್ನು 6,000 ಮಾಡಿಸಿಕೊಳ್ಳುತ್ತೇನೆ ಅಂತ ಹೊರಟರೆ, ನನಗಂತೂ ಭರವಸೆ ಇಲ್ಲ.

ಕೋರ್ಟಿಗಿಂತ ಮೊದಲು ಕುಮಟಾ ನೋಡಿ. ಇಬ್ಬರಿಗೂ ಹೆಚ್ಚುಕಮ್ಮಿ ಅರ್ಧ ದಾರಿ. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಇಂಥದೇ ಒಂದು ಕುಟುಂಬ ನೋಡಿದ್ದೆ. ಅಪ್ಪ ಅಮ್ಮ ಮಾತಾಡಲಿಲ್ಲ. ಬ್ಯಾಗು, ಕೆಮ್ಮಿನ ಸಿರಪ್ಪು, ಎಷ್ಟು ಹೊತ್ತಿಗೆ ಎಷ್ಟು ಚಮಚ ಅಂತ ಬರೆದ ಚೀಟಿ ಕೈಯಿಂದ ಕೈಗೆ ಹೋದವು. ಹುಡುಗಿ ಶೇಂಗಾ ತಿನ್ನುತ್ತಾ ನಿಂತಿದ್ದಳು. ಎರಡು ನಿಮಿಷದಲ್ಲಿ ಮುಗಿಯಿತು.

ಎರಡು ಭಾನುವಾರದ ಬದಲು ತಿಂಗಳಿಗೊಂದು ಶನಿವಾರ–ಭಾನುವಾರ ಮಾಡಿಕೊಳ್ಳಿ. ಶನಿವಾರ ಅವರು ಕುಮಟಾಕ್ಕೆ ತಂದು ಬಿಡಲಿ, ಭಾನುವಾರ ನೀವು ಘಟ್ಟ ಹತ್ತಿ ಮನೆ ಮುಟ್ಟಿಸಿ. ರಾತ್ರಿ ಮಗ ನಿಮ್ಮ ಮನೆಯಲ್ಲೇ ಮಲಗುತ್ತಾನೆ, ಲಾಡ್ಜು ಉಳಿಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಅವರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಮಾಣಿಗೆ ಅರ್ಧ ಟಿಕೆಟ್. (ಮಗಳಾಗಿದ್ದರೆ ಅದೂ ಇರುತ್ತಿರಲಿಲ್ಲ!) ಆದರೆ ‘ನಿನಗೆ ಬಸ್ಸು ಫ್ರೀ ಅಲ್ವಾ’ ಅಂತ ಮಾತ್ರ ಶುರುಮಾಡಬೇಡಿ. ಶನಿವಾರ ಕೆಲಸ ಬಿಟ್ಟು ಬಂದರೆ ಅವರ ಆ ದಿನದ ಸಂಬಳ ಹೋಗುತ್ತದೆ. ಅದೂ ಖರ್ಚೇ.

ಅವರು ಒಪ್ಪಿದರೆ ಬಾಯಿಮಾತಲ್ಲಿ ಬಿಡಬೇಡಿ. ವಕೀಲರ ಮೂಲಕ ಆದೇಶದಲ್ಲಿ ಸೇರಿಸಿ. ಮಳೆಗಾಲದಲ್ಲಿ ಘಟ್ಟ ಬಂದ್ ಆದರೆ ಯಾವ ವಾರ, ಆ ದಿನ ವಿಡಿಯೋ ಕಾಲ್ ಎಷ್ಟು ಹೊತ್ತಿಗೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಯಾವ ದಿನ ನಿಮ್ಮದು, ಎಲ್ಲ ಬರೆದಿರಲಿ. ಜಗಳ ಆಗೋದು ಇಂಥವಕ್ಕೇ ಜಾಸ್ತಿ.

ಇದೆಲ್ಲ ಆಮೇಲೆ. ಮೊದಲು ಆ 3,500 ಇವತ್ತೇ ಹಾಕಿ. ಕೈಯಲ್ಲಿ ಕೊಡಬೇಡಿ, ಖಾತೆಗೇ ಹಾಕಿ, ‘ಹೋದ ತಿಂಗಳ ಜೀವನಾಂಶದ ಬಾಕಿ’ ಅಂತ ಬರೆದು. ಹಾಕಿದ್ದೇನೆ ಅಂತ ಅವರಿಗೆ ಫೋನ್ ಮಾಡಿ ಹೇಳಿ. ಕುಮಟಾ ಮಾತು ಆ ಫೋನಿನಲ್ಲಿ ಎತ್ತಬೇಡಿ, ಎರಡು ದಿನ ಬಿಟ್ಟು ಕೇಳಿ.