ಸ್ಪರ್ಧೆ ಮುಗಿದರೂ ಮಗಳು ಕನ್ನಡಿ ಬಿಡುತ್ತಿಲ್ಲ ಅಂದವರಿಗೆ

ಏಳು ವರ್ಷದ ಮಗಳು ಸೌಂದರ್ಯ ಸ್ಪರ್ಧೆಯಲ್ಲಿ ಸೋತ ಮೇಲೆ ಪೌಡರ್ ಇಲ್ಲದೆ ಶಾಲೆಗೆ ಹೊರಡುವುದಿಲ್ಲ ಅಂದಿರಲ್ಲ, ಸೋಲಿಗಿಂತ ಜಾಸ್ತಿ ಕಾರಣ ಮುಖಕ್ಕೆ ಅಂಕ ಕೊಟ್ಟಿದ್ದೇ ಇರಬೇಕು. ಹಾಡಿನಲ್ಲಿ ಸೋತರೆ ಇನ್ನಷ್ಟು ಕಲಿಯಬಹುದು, ಮುಖದಲ್ಲಿ ಸೋತರೆ ಮಗು ಏನು ಮಾಡಬೇಕು? ಮೊದಲು ಅಜ್ಜಿಯೂ ಸೇರಿ ಎಲ್ಲರೂ ಬಣ್ಣ, ದಪ್ಪ, ಸಣ್ಣ ಅನ್ನುವ ಮಾತು ನಿಲ್ಲಿಸಿ. 'ನೀನೇ ಚಂದ' ಅನ್ನುವ ಸಮಾಧಾನವೂ ಸದ್ಯಕ್ಕೆ ಬೇಡ. ಆಮೇಲೆ ಸ್ಪರ್ಧೆಯ ಫೋಟೊ ಸ್ಟೇಟಸ್‌ನಿಂದ ತೆಗೆಯಿರಿ. ನಂತರ ಕೈಗೆ ಕೆಲಸ ಕೊಡಿ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ನನ್ನ ಮಗಳು ಉದುರಿದ ಅಡಿಕೆ ಹೆಕ್ಕುತ್ತಾ, ಕೆನ್ನೆಗೆ ಕೆಸರು ಮೆತ್ತಿಕೊಂಡೇ 'ಬುಟ್ಟಿ ತುಂಬಿತು!' ಅಂತ ಕೂಗಿದಳು, ಅವತ್ತು ಕನ್ನಡಿ ಮರೆತಿದ್ದಳು. ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಮಗುವಿನ ಮೇಲೆ. ಊಟ ಬಿಟ್ಟರೆ ಮಾತ್ರ ಸುಮ್ನೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.