ಮೀರ್ಶಾಮ್ ಪೈಪ್ ದಿನಾ ಸೇದಿದರೆ ಬಾಳಿಕೆ ಬರುತ್ತದಾ?

ಬರುತ್ತದೆ, ಕೈಜಾರಿ ಬೀಳಿಸದಿದ್ದರೆ. (ಸೇದುವವರ ಬಾಳಿಕೆ ಬೇರೆ ಪ್ರಶ್ನೆ ಬಿಡಿ.) ಮೀರ್ಶಾಮ್ ಅಂದ್ರೆ ಸೆಪಿಯೊಲೈಟ್ ಎಂಬ ಬಿಳಿ ಖನಿಜ. ಟರ್ಕಿಯ ಎಸ್ಕಿಶೆಹಿರ್ ಕಡೆಯದು ಹೆಸರುವಾಸಿ. ಬೆಂಕಿಗೆ ಸುಡುವುದಿಲ್ಲ, ಆದರೆ ಮೆತ್ತಗಿನ ಕಲ್ಲು. ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮೋಸ್ (Mohs) ಮಾಪನದಲ್ಲಿ ಇದು ಸುಮಾರು 2, ಉಗುರಿನಿಂದಲೂ ಗೀರು ಬೀಳುತ್ತದೆ.

ಧಾರವಾಡದ ನಮ್ಮ ಕಾಕಾ ಒಂದನ್ನು ವರ್ಷಗಟ್ಟಲೆ ಜೋಪಾನ ಮಾಡಿದ್ದರು. ಬಿಳುಪು ಹೋಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದಿನ ಬೂದಿ ಉದುರಿಸಲು ಕಟ್ಟೆಯ ಕಲ್ಲಿಗೆ ಸುಮ್ನೆ ಕುಟ್ಟಿದರು. ಕುತ್ತಿಗೆ ಮುರಿದು ಕೈಗೆ ಬಂತು! ಬೂದಿಯನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಬೇಕು. ಬಿಸಿ ಇರುವಾಗ ಬಾಯಿಗಿಡುವ ಕೊಳವೆ ತಿರುಗಿಸಬೇಡಿ. ಒಳಗೆ ಮಸಿ ಜಾಸ್ತಿ ಕಟ್ಟಿದರೆ ಸೀಳಬಹುದು, ಆಗಾಗ ಒರೆಸಿ. ಕೊಳ್ಳುವಾಗ ಇಡೀ ಕಲ್ಲಿನಲ್ಲಿ ಕೆತ್ತಿದ್ದನ್ನೇ ಕೇಳಿ. ಪುಡಿ ಒತ್ತಿ ಮಾಡಿದ್ದು ಅಷ್ಟು ತಾಳುವುದಿಲ್ಲ.