ಓದುಗರ ಪ್ರಶ್ನೆ: ಮಿನಿಯೇಚರ್ ವಾರ್‌ಗೇಮ್‌ಗೆ ಕೈ ಹಾಕಬಹುದೆ?

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದವನು. ಹುಬ್ಬಳ್ಳಿಯ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ಬೆಂಗಳೂರಿನಲ್ಲಿರುವ ಸೋದರಮಾವನ ಮಗ ದೀಪಾವಳಿಗೆ ಬಂದಾಗ, ‘ವಾರ್‌ಹ್ಯಾಮರ್ 40,000’ ಎಂಬ ಬಾಹ್ಯಾಕಾಶ ಯುದ್ಧದ ಆಟದ ಸಣ್ಣ ಸೈನಿಕರನ್ನು ತಾನೇ ಬಣ್ಣ ಬಳಿದು ತಂದು ತೋರಿಸಿದ. ಅಂದಿನಿಂದ ನನಗೆ ಅದೇ ಗುಂಗು. ಆದರೆ ಪೆಟ್ಟಿಗೆಯ ಬೆಲೆ ಕೇಳಿ ಹಿಂಜರಿದೆ. ಊರಿನಲ್ಲಿ ಜೊತೆಗೆ ಆಡುವವರು ಯಾರೂ ಗೊತ್ತಿಲ್ಲ. ಕುಂಚ ಹಿಡಿದು ವರ್ಷಗಳೇ ಆದವು. ಮನೆಯಲ್ಲಿ ‘ಈ ವಯಸ್ಸಿನಲ್ಲಿ ಗೊಂಬೆಯಾಟವೇ’ ಎನ್ನುತ್ತಾರೆ. ಕೈ ಹಾಕಬಹುದೆ, ಬಿಡುವುದು ಲೇಸೆ?

ಉತ್ತರ: ಕೈ ಹಾಕಿ, ಹಣವನ್ನು ಮಾತ್ರ ಈಗಲೇ ಹಾಕಬೇಡಿ.

ಈ ಹವ್ಯಾಸಕ್ಕೆ ಹೆಸರು ಒಂದೇ ಆದರೂ ಅದರೊಳಗೆ ಬೇರೆ ಬೇರೆ ಕೆಲಸಗಳಿವೆ. ಪ್ಲಾಸ್ಟಿಕ್ ಚೌಕಟ್ಟಿನಿಂದ ತುಂಡುಗಳನ್ನು ಕತ್ತರಿಸಿ ಅಂಟಿಸುವುದು, ಅವಕ್ಕೆ ಬಣ್ಣ ಬಳಿಯುವುದು, ಆ ಲೋಕದ ಕಥೆಗಳನ್ನು ಓದುವುದು ಮತ್ತು ಮೇಜಿನ ಮೇಲೆ ಎದುರಾಳಿಯೊಂದಿಗೆ ಆಡುವುದು ಒಂದಕ್ಕೊಂದು ಹೊಂದಿಕೊಂಡಿದ್ದರೂ, ಒಬ್ಬನಿಗೇ ನಾಲ್ಕೂ ಹಿಡಿಸಬೇಕೆಂದಿಲ್ಲ. ನಿಮ್ಮ ಪತ್ರವನ್ನು ಓದಿದರೆ ನಿಮ್ಮನ್ನು ಸೆಳೆದದ್ದು ಬಣ್ಣ ಬಳಿದ ಗೊಂಬೆಯೇ ಹೊರತು ಆಟವಲ್ಲ ಎನಿಸುತ್ತದೆ. ಏಕೆಂದರೆ ಆಟವನ್ನು ನೀವಿನ್ನೂ ಆಡಿಯೇ ಇಲ್ಲ. ಇದು ತಪ್ಪೇನಲ್ಲ. ಆದರೆ ಗೊಂಬೆ ಬೇಕಾದವನು ಐದು ಗೊಂಬೆಗಳಿಗೆ ತೃಪ್ತನಾಗಬಲ್ಲ, ಆಟ ಬೇಕಾದವನಿಗೆ ಎರಡು ಪಡೆಗಳು ಬೇಕು. ಖರ್ಚಿನ ಲೆಕ್ಕ ಇಲ್ಲಿಂದಲೇ ಬೇರೆಯಾಗುತ್ತದೆ.

ಆಟದ ಸ್ವರೂಪವನ್ನು ಸ್ವಲ್ಪ ಹೇಳುತ್ತೇನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದಿತು. ನಿಯಮಗಳನ್ನು ಬರೆದವರು ರಿಕ್ ಪ್ರೀಸ್ಟ್ಲಿ. ಇಲ್ಲಿ ಚೌಕದ ಮನೆಗಳಿಲ್ಲ. ಪ್ರತಿ ಸೈನಿಕನಿಗೂ ಇಷ್ಟು ಅಂಗುಲ ನಡೆಯಬಹುದು, ಇಷ್ಟು ಅಂಗುಲ ದೂರಕ್ಕೆ ಗುಂಡು ಹಾರಿಸಬಹುದು ಎಂದು ಗೊತ್ತುಪಡಿಸಿರುತ್ತಾರೆ. ಟೇಪು ಹಿಡಿದು ಅಳೆದು ನಡೆಸಬೇಕು. ಗುಂಡು ತಗುಲಿತೇ, ತಗುಲಿದ್ದು ಗಾಯ ಮಾಡಿತೇ, ಕವಚ ಅದನ್ನು ತಡೆಯಿತೇ ಎಂದು ಮೂರು ಸಲ ದಾಳ ಹಾಕಿ ತೀರ್ಮಾನಿಸುತ್ತಾರೆ. ನೀವು ಲೆಕ್ಕಪತ್ರದವರಾದ್ದರಿಂದ ಒಂದು ಉದಾಹರಣೆ ಕೊಡುತ್ತೇನೆ: ದಾಳ 3 ಅಥವಾ ಹೆಚ್ಚು ಬಿದ್ದರೆ ಗುರಿ ತಗುಲುತ್ತದೆ, 4 ಅಥವಾ ಹೆಚ್ಚು ಬಿದ್ದರೆ ಗಾಯವಾಗುತ್ತದೆ, ಎದುರಾಳಿಗೆ 3 ಅಥವಾ ಹೆಚ್ಚು ಬಿದ್ದರೆ ಕವಚ ಕಾಯುತ್ತದೆ ಎಂದುಕೊಳ್ಳಿ. ಆಗ ಹಾರಿಸಿದ ಒಂಬತ್ತು ಗುಂಡುಗಳಲ್ಲಿ ಸರಾಸರಿ ಒಂದು ಮಾತ್ರ ನಿಜವಾಗಿ ಪೆಟ್ಟು ಕೊಡುತ್ತದೆ. ಈ ಲೆಕ್ಕ ತಿಳಿದ ಮೇಲೆ ಗುಂಡು ಹಾರಿಸುವುದಕ್ಕಿಂತ ಎಲ್ಲಿ ನಿಲ್ಲಬೇಕು, ಯಾವ ಗೋಡೆಯ ಮರೆ ಹಿಡಿಯಬೇಕು, ಯಾವ ಠಾಣೆಯನ್ನು ಐದು ಸುತ್ತು ಮುಗಿಯುವವರೆಗೆ ಕೈಬಿಡಬಾರದು ಎಂಬುದೇ ದೊಡ್ಡದು ಎಂದು ಹೊಳೆಯುತ್ತದೆ. ಗೆಲುವು ಬಹುಮಟ್ಟಿಗೆ ಮೇಜಿನ ಮೇಲಿನ ಗುರುತಿನ ಜಾಗಗಳನ್ನು ಹಿಡಿದಿಟ್ಟುಕೊಂಡವನಿಗೇ ಹೊರತು ಹೆಚ್ಚು ಗೊಂಬೆ ಉರುಳಿಸಿದವನಿಗಲ್ಲ. ಈ ಮಾತು ಓದಿ ನಿಮಗೆ ಕುತೂಹಲ ಹುಟ್ಟಿದ್ದರೆ ಆಟ ಹಿಡಿಸೀತು. ಬೇಸರವೆನಿಸಿದ್ದರೆ ಕುಂಚ ಮತ್ತು ಐದು ಗೊಂಬೆ ಸಾಕು.

ಇನ್ನೂ ಖಾತ್ರಿ ಮಾಡಿಕೊಳ್ಳಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. 2023ರಲ್ಲಿ 10ನೆಯ ಆವೃತ್ತಿ ಬಂದಾಗ ಮೂಲ ನಿಯಮಗಳನ್ನು ಕಂಪನಿಯೇ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. ‘ಕಾಂಬ್ಯಾಟ್ ಪಟ್ರೋಲ್’ ಎಂಬ ಸಣ್ಣ ಪಡೆಗಳ ಆಟಕ್ಕೆ 44 ಅಂಗುಲ ಉದ್ದ, 30 ಅಂಗುಲ ಅಗಲದ ಜಾಗ ಸಾಕು. ನಾಲ್ಕು ಜನರ ಊಟದ ಮೇಜು ಸಾಮಾನ್ಯವಾಗಿ ಇಷ್ಟಿರುತ್ತದೆ. ಆ ಆಟದ ಕವಚಧಾರಿ ಸೈನಿಕ ನಿಲ್ಲುವ ದುಂಡನೆಯ ತಳ 32 ಮಿಲಿಮೀಟರ್. ಸೋಡಾ ಬಾಟಲಿಯ ತಗಡಿನ ಮುಚ್ಚಳವೂ ಹೆಚ್ಚುಕಡಿಮೆ ಅಷ್ಟೇ ಅಗಲ. (ಗೋಲಿ ಸೋಡಾ ಇದಕ್ಕೆ ಒದಗುವುದಿಲ್ಲ.) ಎರಡು ಬಣ್ಣದ ಮುಚ್ಚಳಗಳನ್ನು ಕೂಡಿಸಿ, ಪುಸ್ತಕಗಳನ್ನೂ ರಟ್ಟಿನ ಡಬ್ಬಿಗಳನ್ನೂ ಪಾಳುಬಿದ್ದ ಕಟ್ಟಡಗಳೆಂದು ನಿಲ್ಲಿಸಿ, ದರ್ಜಿಯ ಟೇಪು ಹಿಡಿದು ಸೋದರಮಾವನ ಮಗ ಮುಂದಿನ ಸಲ ಬಂದಾಗ ಒಂದು ಪೂರ್ತಿ ಆಟ ಆಡಿ. ಮುಚ್ಚಳಗಳೊಂದಿಗೆ ಆಡಿದ ಆಟವೇ ರಾತ್ರಿ ಮಲಗಿದ ಮೇಲೂ ತಲೆಯಲ್ಲಿ ತಿರುಗುತ್ತಿದ್ದರೆ ಮುಂದಿನ ಹೆಜ್ಜೆ ಇಡಬಹುದು. ಗೊಂಬೆಗಳಿಲ್ಲದೆ ಆಟವೇ ಇಲ್ಲ ಎನಿಸಿದರೆ ಅದೂ ಒಂದು ಉತ್ತರವೇ.

ಬೆಲೆಯ ವಿಷಯದಲ್ಲಿ ನಿಮ್ಮ ಹಿಂಜರಿಕೆ ಸರಿಯಾಗಿದೆ. ಸಣ್ಣ ಪಡೆಯ ಒಂದು ಪೆಟ್ಟಿಗೆಗೇ ಹತ್ತು ಸಾವಿರ ರೂಪಾಯಿಯ ಆಸುಪಾಸು ತೆರಬೇಕಾಗುತ್ತದೆ. ಪ್ರತಿ ಗೊಂಬೆಗೂ ಅದರ ಬಲಕ್ಕೆ ತಕ್ಕ ಅಂಕವಿರುತ್ತದೆ; 2,000 ಅಂಕಗಳ ಪೂರ್ಣ ಸೈನ್ಯ ಕಟ್ಟಲು ಇದರ ಹಲವು ಪಟ್ಟು. ಅಂಥ ದೊಡ್ಡ ಆಟಕ್ಕೆ ಮೂರು ಗಂಟೆಗಿಂತ ಕಡಿಮೆ ಸಾಲುವುದಿಲ್ಲ. ಇದರ ಮೇಲೆ 8ನೆಯ ಆವೃತ್ತಿ 2017ರಲ್ಲಿ, 9ನೆಯದು 2020ರಲ್ಲಿ, 10ನೆಯದು 2023ರಲ್ಲಿ ಬಂದಿರುವುದನ್ನು ಗಮನಿಸಿದರೆ, ದಪ್ಪ ನಿಯಮ ಪುಸ್ತಕಕ್ಕೆ ಹಣ ಕೊಡುವುದು ಜಾಣತನವಲ್ಲ. ಗೊಂಬೆಗಳು ಉಳಿಯುತ್ತವೆ, ಪುಸ್ತಕ ಹಳತಾಗುತ್ತದೆ. ಆದ್ದರಿಂದ ನಿಮ್ಮಂಥವರಿಗೆ ನನ್ನ ಸಲಹೆ ಇದಕ್ಕಿಂತ ಚಿಕ್ಕ ಆಟ. ಅದೇ ಕಂಪನಿಯ ‘ಕಿಲ್ ಟೀಮ್’ ಆಟದಲ್ಲಿ ಒಂದೊಂದು ಕಡೆ ಹತ್ತು–ಹನ್ನೆರಡು ಜನ ಇದ್ದರೆ ಸಾಕು. ‘ಒನ್ ಪೇಜ್ ರೂಲ್ಸ್’ನವರ ‘ಗ್ರಿಮ್‌ಡಾರ್ಕ್ ಫ್ಯೂಚರ್: ಫೈರ್‌ಫೈಟ್’ ಇನ್ನೂ ಅನುಕೂಲ: ಮೂಲ ನಿಯಮಗಳು ಉಚಿತ, ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ, ಇಬ್ಬರೂ ಒಂದೊಂದು ಗೊಂಬೆಯನ್ನು ಸರದಿಯ ಮೇಲೆ ನಡೆಸುವುದರಿಂದ ಎದುರಾಳಿಯ ಸರದಿ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಿರುವ ಹುಬ್ಬಳ್ಳಿ–ಧಾರವಾಡದಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡ ಗೆಳೆಯರೊಬ್ಬರು ಸಿಕ್ಕರೆ ಗೊಂಬೆಗಳ ಖರ್ಚೂ ಇಳಿಯುತ್ತದೆ. ದ್ರವ ರೆಸಿನ್ ಬಳಸುವ ಯಂತ್ರವಾದರೆ ಕೈಗವಸು ಹಾಕದೆ, ಕಿಟಕಿ ತೆರೆಯದೆ ಅದರ ಹತ್ತಿರ ಹೋಗಬೇಡಿ.

ಹಣಕ್ಕಿಂತ ದುರ್ಲಭವಾದದ್ದು ಎದುರಿಗೆ ಕೂರುವ ಮನುಷ್ಯ. ಈ ಹವ್ಯಾಸ ಬಿಟ್ಟವರಲ್ಲಿ ಬಹಳಷ್ಟು ಜನ ಜೊತೆಗಾರರಿಲ್ಲದೆ ಬಿಟ್ಟವರು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಂತೆ ಸಿದ್ಧ ಆಟಗಾರರು ಇಲ್ಲಿ ಸಿಗುತ್ತಾರೆಂದು ಕಾಯಬೇಡಿ. ಒಬ್ಬರನ್ನು ನೀವೇ ತಯಾರು ಮಾಡಿಕೊಳ್ಳಬೇಕು. ಅದಕ್ಕಾಗಿ ಎರಡೂ ಪಡೆಗಳು ನಿಮ್ಮಲ್ಲೇ ಇರಲಿ, ಬಂದವರು ಬರಿಗೈಯಲ್ಲಿ ಬಂದು ಆಡಿ ಹೋಗುವಂತಿರಲಿ. ಸಣ್ಣ ಆಟವನ್ನು ಶಿಫಾರಸು ಮಾಡಿದ್ದಕ್ಕೆ ಮುಖ್ಯ ಕಾರಣವೂ ಇದೇ: ಹತ್ತು ಹತ್ತು ಗೊಂಬೆಗಳ ಎರಡು ಪಡೆಗಳನ್ನು ಒಬ್ಬ ಸಂಬಳದಾರ ಕಟ್ಟಬಲ್ಲ. ಚದುರಂಗ ಆಡುವ ಸಹೋದ್ಯೋಗಿ, ದಿನವೂ ಚಿಗರಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ವಿಜ್ಞಾನ ಕಥೆಗಳ ಮಾತಾಡುವ ಗೆಳೆಯ, ಎಂಜಿನಿಯರಿಂಗ್ ಓದುವ ಅಕ್ಕನ ಮಗ, ಇಂಥವರಲ್ಲಿ ಒಬ್ಬರಿಗೆ ರುಚಿ ಹತ್ತಿದರೆ ಸಾಕು. ಮೊದಲ ಆಟದಲ್ಲಿ ಅವರನ್ನು ಸೋಲಿಸುವ ಉತ್ಸಾಹವನ್ನು ದಯವಿಟ್ಟು ತಡೆದುಕೊಳ್ಳಿ.

ಬಣ್ಣದ ಬಗ್ಗೆ ಅಷ್ಟು ಅಂಜಬೇಕಾಗಿಲ್ಲ. ತಳಬಣ್ಣ, ಅದರ ಮೇಲೆ ಎರಡು–ಮೂರು ಮುಖ್ಯ ಬಣ್ಣ, ಬಳಿಕ ಸಂದುಗಳಿಗೆ ಇಳಿಯುವ ತೆಳುವಾದ ಕಪ್ಪು ಅಥವಾ ಕಂದು ನೀರುಬಣ್ಣ: ಇಷ್ಟರಿಂದಲೇ ಮೂರು ಅಡಿ ದೂರದಿಂದ ನೋಡಲು ಚೆನ್ನಾಗಿರುವ ಗೊಂಬೆ ಆಗುತ್ತದೆ, ಆಟವನ್ನು ನೋಡುವುದೂ ಅಷ್ಟು ದೂರದಿಂದಲೇ. ನಮ್ಮ ಹವೆಯಲ್ಲಿ ಒಂದು ಎಚ್ಚರ ಬೇಕು. ಧಾರವಾಡದ ಮಳೆಗಾಲದಲ್ಲಿ ಗಾಳಿ ತಿಂಗಳುಗಟ್ಟಲೆ ತೇವವಾಗಿರುವುದರಿಂದ ಸ್ಪ್ರೇ ಡಬ್ಬಿಯ ತಳಬಣ್ಣ ಬೂದು ಹಿಡಿದಂತೆ ತರಿತರಿಯಾಗಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಳಬಣ್ಣವನ್ನು ಕುಂಚದಲ್ಲೇ ಹಚ್ಚಿ. ಏಪ್ರಿಲ್ ಬಿಸಿಲಿನಲ್ಲಿ ಇದಕ್ಕೆ ತದ್ವಿರುದ್ಧ: ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬೇಕರಿಯವರು ಬಳಸುವ ಬೆಣ್ಣೆ ಕಾಗದ ಇಟ್ಟು ಅದರ ಮೇಲೆ ಬಣ್ಣ ಕಲಸಿದರೆ ಸಂಜೆಯ ಬಣ್ಣ ಮರುದಿನವೂ ಹಸಿಯಾಗಿರುತ್ತದೆ. ಅಧಿಕೃತ ಪಂದ್ಯಗಳಲ್ಲಿ ಪಡೆಗೆ ಬಣ್ಣ ಬಳಿದಿದ್ದರೆ ನೂರರಲ್ಲಿ ಹತ್ತು ಅಂಕ ಸಿಗುತ್ತದೆಂಬುದು ನಿಜ. ಮನೆಯ ಮೇಜಿನಲ್ಲಿ ಬರೀ ಬೂದುಬಣ್ಣದ ಪ್ಲಾಸ್ಟಿಕ್ಕಿನೊಂದಿಗೂ ಆಡಬಹುದು.

ಇನ್ನು ಮನೆಯವರ ಮಾತು. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಆಟಿಕೆಯ ಸೈನಿಕರೊಂದಿಗೆ ಆಡುವ ಯುದ್ಧಕ್ಕೆ ನಿಯಮ ಬರೆದು 1913ರಲ್ಲಿ ಪ್ರಕಟಿಸಿದಾಗ ಅವರಿಗೆ ನಲವತ್ತಾರು ದಾಟಿತ್ತು. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ನವಲಗುಂದದ ಜಮಖಾನೆಗಳಲ್ಲಿ ಪಗಡೆಯ ಹಾಸನ್ನೇ ನೇಯ್ದದ್ದು ಮಕ್ಕಳಿಗೆಂದೇನೂ ಅಲ್ಲ. ಆದರೂ ಮನೆಯವರ ಆಕ್ಷೇಪ ನಿಜವಾಗಿ ವಯಸ್ಸಿನದೇ, ಇಲ್ಲಾ ಖರ್ಚಿನದೇ, ರವಿವಾರ ನೀವು ಕೈಗೆ ಸಿಗುವುದಿಲ್ಲ ಎಂಬ ಸಂಶಯದ್ದೇ ಎಂದು ಕೇಳಿಕೊಳ್ಳಿ. ಮೊದಲನೆಯದಕ್ಕೆ ಉತ್ತರ ಕೊಡಬೇಕಾಗಿಲ್ಲ, ಉಳಿದೆರಡಕ್ಕೆ ಕೊಡಬೇಕು.

ಪ್ರಶ್ನೆ: ನನ್ನ ಮಗ ಗದುಗಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾನೆ. ಇಂಥದೇ ಬಾಹ್ಯಾಕಾಶ ಯುದ್ಧದ ಆಟ ಬೇಕೆಂದು ಹಟ ಹಿಡಿದಿದ್ದಾನೆ. ಮೊಬೈಲ್ ಬಿಟ್ಟರೆ ಸಾಕು ಎಂದು ಒಪ್ಪುವ ಮನಸ್ಸಿದೆ. ಆದರೆ ಆ ಚಿತ್ರಗಳ ತುಂಬ ತಲೆಬುರುಡೆ, ರಕ್ತ. ಒಪ್ಪಬಹುದೆ?

ಉತ್ತರ: ಅಮ್ಮ, ನಿಮ್ಮ ಕಣ್ಣಿಗೆ ಬಿದ್ದದ್ದು ಸರಿಯಾಗಿಯೇ ಇದೆ. ವಾರ್‌ಹ್ಯಾಮರ್ 40,000ದ ಕಥೆ ಇಂದಿನಿಂದ ಸುಮಾರು ಮೂವತ್ತೆಂಟು ಸಾವಿರ ವರ್ಷಗಳಾಚೆ ನಡೆಯುತ್ತದೆ. ಸಿಂಹಾಸನದ ಮೇಲೆ ಅರೆಜೀವವಾಗಿ ಕುಳಿತ ಚಕ್ರವರ್ತಿಯ ಹೆಸರಿನಲ್ಲಿ ಮನುಷ್ಯರೇ ಕ್ರೂರವಾದ ಸಾಮ್ರಾಜ್ಯ ನಡೆಸುತ್ತಾರೆ, ಅಲ್ಲಿ ಒಳ್ಳೆಯವರ ಪಕ್ಷವೆಂಬುದೇ ಇಲ್ಲ. ಮೊದಲಿಗೆ ಅದನ್ನು ಕಹಿ ವಿಡಂಬನೆಯಾಗಿ ಬರೆದದ್ದು. ಹದಿನಾಲ್ಕರ ಹುಡುಗನಿಗೆ ಆ ವಿಡಂಬನೆ ತಾನಾಗಿ ಅರ್ಥವಾಗದಿರಬಹುದು, ಯಾರಾದರೂ ಕೂತು ಮಾತಾಡಬೇಕಾಗುತ್ತದೆ. ಅಷ್ಟು ಕತ್ತಲೆ ಬೇಡವೆನಿಸಿದರೆ 1984ರಿಂದ ಬರುತ್ತಿರುವ ‘ಬ್ಯಾಟಲ್‌ಟೆಕ್’ ನೋಡಿ. ಅದರಲ್ಲಿ ಮನುಷ್ಯರು ಕೂತು ನಡೆಸುವ ದೈತ್ಯ ಯಂತ್ರಗಳು ಷಟ್ಕೋನದ ಮನೆಗಳಿರುವ ನಕ್ಷೆಯ ಮೇಲೆ ಹೋರಾಡುತ್ತವೆ. ಬಿಸಿಯೇರಿದರೆ ಯಂತ್ರವೇ ನಿಂತುಹೋಗುವುದರಿಂದ ಎಷ್ಟು ಹಾರಿಸಬೇಕು, ಎಷ್ಟು ತಡೆಯಬೇಕು ಎಂದು ಪ್ರತಿ ಸರದಿಯಲ್ಲೂ ಯೋಚಿಸಬೇಕು. ಎರಡು ದಾಳಗಳ ಮೊತ್ತ ಏಳು ಬರುವ ಸಂಭವ ಹನ್ನೆರಡು ಬರುವುದರ ಆರು ಪಟ್ಟು ಎಂಬುದನ್ನು ಪಾಠದಲ್ಲಿ ಓದಿದ್ದಕ್ಕಿಂತ ಇಲ್ಲಿ ಬೇಗ ಕಲಿಯುತ್ತಾನೆ. ಕತ್ತರಿಸುವ ಚೂಪು ಬ್ಲೇಡನ್ನೂ ಪ್ಲಾಸ್ಟಿಕ್ ಅಂಟನ್ನೂ ಮೊದಲ ಕೆಲವು ದಿನ ನಿಮ್ಮ ಕಣ್ಣೆದುರಿಗೇ ಬಳಸಲಿ. ಮೊಬೈಲ್ ಬಿಡುತ್ತಾನೆಂಬ ಭರವಸೆ ಮಾತ್ರ ನಾನು ಕೊಡಲಾರೆ. ಬಣ್ಣ ಬಳಿಯುವ ವಿಡಿಯೋಗಳನ್ನು ಅದರಲ್ಲೇ ನೋಡುತ್ತಾನೆ.

ಪ್ರಶ್ನೆ: ವರ್ಗಾವಣೆಯ ನೌಕರಿ, ಸದ್ಯ ಹಾವೇರಿಯಲ್ಲಿ ಒಬ್ಬನೇ ಇದ್ದೇನೆ. ಎದುರಾಳಿಯಿಲ್ಲದೆ ಆಡುವ ಇಂಥ ಆಟವಿದೆಯೇ?

ಉತ್ತರ: ಇದೆ. ಐವನ್ ಸೋರೆನ್ಸನ್ ಬರೆದ ‘ಫೈವ್ ಪಾರ್ಸೆಕ್ಸ್ ಫ್ರಮ್ ಹೋಮ್’ ಒಬ್ಬರೇ ಆಡಲೆಂದು ರಚಿಸಿದ ಆಟ. ನಿಮ್ಮ ನೌಕೆಯ ಐದಾರು ಜನರ ತಂಡವನ್ನು ದಾಳ ಹಾಕಿಯೇ ಹುಟ್ಟಿಸುತ್ತೀರಿ. ಶತ್ರುಗಳು ಹೇಗೆ ನಡೆಯಬೇಕು, ಕಾಳಗ ಮುಗಿದ ಮೇಲೆ ಯಾರಿಗೆ ಗಾಯ, ಯಾರಿಗೆ ಸಾಲ ಎಂಬುದನ್ನು ಪಟ್ಟಿಗಳು ತೀರ್ಮಾನಿಸುತ್ತವೆ. ಯಾವ ಗೊಂಬೆಯಾದರೂ ಆದೀತು, ಮೂರಡಿ ಚೌಕದ ಮೇಜಿದ್ದರೆ ಧಾರಾಳ, ಎರಡಡಿಯಲ್ಲೂ ನಡೆಯುತ್ತದೆ. ವರ್ಗಾವಣೆಯಾದಾಗ ಇಡೀ ಸರಂಜಾಮು ಒಂದು ಟ್ರಂಕಿನ ಮೂಲೆಯಲ್ಲಿ ಕೂರುತ್ತದೆ. ಗೊಂಬೆಗಳನ್ನು ಒಂದೊಂದಾಗಿ ಸ್ಪಂಜಿನಲ್ಲಿ ಸುತ್ತಿಡಿ, ಇಲ್ಲದಿದ್ದರೆ ಬಂದೂಕಿನ ನಳಿಗೆಗಳು ಮುರಿಯುತ್ತವೆ.